ಹನ್ನೆರಡನೆಯ ಸಾಲು

"ಯಾವಾಗ ಹೋದ್ರು?"

ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಎದುರಾದ ಪ್ರಶ್ನೆ ಇದು. ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಯಾರು?"

"ನಿಮ್ಮವರು." ಅವನು ಗಾಜು ಕೊಯ್ಯುವುದನ್ನು ನಿಲ್ಲಿಸಿ, ಅವಳು ಎದೆಗವಚಿಕೊಂಡಿದ್ದ ಫೈಲಿನ ಕಡೆ ನೋಡಿದ. ದನಿ ಮೆತ್ತಗಿತ್ತು. "ಫೋಟೋ ತಂದಿದ್ದೀರಲ್ಲ. ಅಳತೆ ಆಮೇಲೆ ನೋಡೋಣ, ಮೊದಲು ಕೂತ್ಕೊಳ್ಳಿ. ನೀರು ಕೊಡ್ಲಾ? ಟ್ಯಾಂಕರ್ ನೀರೇ, ಹೆದರ್ಕೋಬೇಡಿ."

"ಯಾರೂ ಹೋಗಿಲ್ಲ. ನಾನು ಸರ್ವೆಗೆ ಬಂದಿದ್ದೀನಿ."

ಅವನು ನಾಲಿಗೆ ಕಚ್ಚಿಕೊಂಡ. ಒಳಗಿನ ಕೋಣೆಯಿಂದ ಮುದುಕಿಯೊಬ್ಬರ ದನಿ ಬಂತು: "ಯಾರು ಹೋದ್ರಂತೆ?"

"ಯಾರೂ ಇಲ್ಲ ಅತ್ತೆ!" ಎಂದು ಕೂಗಿ ಹೇಳಿ, ಅವನು ಅವಳತ್ತ ತಿರುಗಿದ. "ಕ್ಷಮಿಸಿ. ಈ ಬೀದೀಲಿ ಹೆಂಗಸರು ಹೀಗೆ ಎದೆಗೆ ಏನನ್ನಾದ್ರೂ ಅವಚಿಕೊಂಡು ಬಂದ್ರೆ, ಅದು ಫೋಟೋನೇ ಆಗಿರುತ್ತೆ. ಅಭ್ಯಾಸ."

ಅವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ನಲವತ್ತೊಂದು ವರ್ಷದ ಅವನನ್ನು ಬೀದಿಯವರೆಲ್ಲ ಫ್ರೇಮಣ್ಣ ಎಂದೇ ಕರೆಯುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಅವನು ಮತ್ತು ಒಂದು ಕಿವಿ ಕೇಳದ ಸೋದರತ್ತೆ. ಮನೆಯ ಹಿಂದೆ ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಕಾಂಪೌಂಡು. ಆ ಗೋಡೆಯಾಚೆ ದೊಡ್ಡದೊಂದು ಗುಂಡಿ, ಅದರಲ್ಲಿ ಮೂವತ್ತು ವರ್ಷ ಸುರಿದ ಕೊಳೆ. ಬಣ್ಣಬಣ್ಣದ ಆ ಕೊಳೆ ನೆಲದೊಳಗೆ ಇಳಿದು, ನಾಲ್ಕು ಬೀದಿಗಳ ಬೋರ್‌ವೆಲ್ ಸೇರಿತ್ತು ಎಂಬುದು ಎಲ್ಲರ ಅನುಮಾನ. ಆ ನೀರು ಕುಡಿದವರಿಗೆ ಕ್ಯಾನ್ಸರ್ ಬೇರೆ ಕಡೆಗಿಂತ ಹೆಚ್ಚು ಬರುತ್ತಿದೆಯೇ ಎಂದು ಎಣಿಸಿ ನೋಡುವುದು ಅವಳ ಕೆಲಸ.

"ಎಣಿಸೋದು ಅಂದ್ರೆ?" ಎಂದು ಕೇಳಿದ ಅವನು, ಕುರ್ಚಿಯ ಮೇಲಿದ್ದ ಮರದ ಚೂರುಗಳನ್ನು ಒರೆಸುತ್ತಾ.

"ಮನೆಮನೆಗೂ ಹೋಗಿ, ಯಾರು ಎಷ್ಟು ವರ್ಷದಿಂದ ಇದ್ದಾರೆ, ಯಾವ ನೀರು ಕುಡಿದ್ರು, ಯಾರಿಗೆ ಕಾಯಿಲೆ ಬಂತು ಅಂತ ಬರ್ಕೋತೀವಿ. ಆಸ್ಪತ್ರೆಗಳಿಂದ ಬರೋ ಪಟ್ಟಿ ಜೊತೆ ತಾಳೆ ನೋಡ್ತೀವಿ. ಇಷ್ಟೇ ಜನ ಬೇರೆ ಕಡೆ ಇದ್ದಿದ್ರೆ ಎಷ್ಟು ಜನಕ್ಕೆ ಬರ್ತಿತ್ತು, ಇಲ್ಲಿ ಎಷ್ಟು ಜನಕ್ಕೆ ಬಂದಿದೆ, ಅದೇ ಲೆಕ್ಕ."

"ಎಷ್ಟು ಬರ್ಬೇಕಿತ್ತು?"

"ಮೂತ್ರಕೋಶದ್ದು ಹತ್ತು ವರ್ಷಕ್ಕೆ ಮೂರು."

"ಎಷ್ಟು ಬಂದಿದೆ?"

"ಪಟ್ಟಿ ಪ್ರಕಾರ ಎಂಟು."

ಅವನು ಗೋಡೆಗೊರಗಿಸಿಟ್ಟ ಕಟ್ಟುಗಳ ಕಡೆ ನೋಡಿದ. "ನಿಮ್ಮ ಪಟ್ಟಿಗೆ ಎಲ್ಲರೂ ಸಿಕ್ಕಿಲ್ಲ, ಮೇಡಂ."

*

ಅವನ ಮಾತು ನಿಜವಾಗಿತ್ತು. ಆಸ್ಪತ್ರೆಯ ಮೆಟ್ಟಿಲು ಹತ್ತದೆ ಸತ್ತವರು, ಮನೆ ಖಾಲಿ ಮಾಡಿಕೊಂಡು ಹೋಗಿ ಬೇರೆಲ್ಲೋ ತೀರಿಕೊಂಡವರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವರೆಲ್ಲ ಫ್ರೇಮಣ್ಣನ ನೆನಪಿನಲ್ಲಿದ್ದರು.

"ಮೂರನೇ ಬೀದಿ, ನೀಲಿ ಗೇಟಿನ ಮನೆ. ಕಪ್ಪು ಅಂಚು, ಹನ್ನೆರಡು ಹದಿನೈದು ಅಳತೆ. ಟೈಲರ್ ಆತ. ಫೋಟೋದಲ್ಲಿ ಕೋಟು ಹಾಕ್ಕೊಂಡಿದ್ದ, ಕೋಟು ಅವನದಲ್ಲ, ಗಿರಾಕಿದು. ಕೊನೇ ವರ್ಷ ಮೂತ್ರದಲ್ಲಿ ರಕ್ತ ಹೋಗ್ತಿದೆ ಅಂತಿದ್ದ."

ಅವಳು ಬರೆದುಕೊಳ್ಳುತ್ತಿದ್ದಳು. ಮರುದಿನ ಆ ಮನೆಯವರ ಹೊಸ ವಿಳಾಸ ಹುಡುಕಿಕೊಂಡು ಹೋಗಿ, ಹಳೆಯ ವೈದ್ಯರ ಚೀಟಿ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಸಂಜೆ ಅದನ್ನು ಹೇಳಲು ಮತ್ತೆ ಅಂಗಡಿಗೆ ಬರುತ್ತಿದ್ದಳು. ಹೇಳಲೇಬೇಕಾದ ಕಾರಣ ಏನೂ ಇರಲಿಲ್ಲ. ಆದರೂ ಬರುತ್ತಿದ್ದಳು.

ಅವಳ ವಾಸ ಎರಡನೇ ಮಹಡಿಯ ಒಂದು ಕೋಣೆಯಲ್ಲಿ. ಅಕ್ಕ ದೂರದ ಊರಿನಿಂದ ವಾರಕ್ಕೊಮ್ಮೆ ಫೋನ್ ಮಾಡಿ, "ಊಟ ಆಯ್ತಾ? ಆರೋಗ್ಯವಾ?" ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಶನಿವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ಅವಳು ಯಾರೊಡನೆಯೂ ಮಾತಾಡುವ ಪ್ರಸಂಗವೇ ಇರುತ್ತಿರಲಿಲ್ಲ. ಸೋಮವಾರ ಮೊದಲ ಮನೆಯ ಬಾಗಿಲಲ್ಲಿ "ನಮಸ್ಕಾರ, ಸರ್ವೆಗೆ ಬಂದಿದ್ದೀನಿ" ಎನ್ನುವಾಗ ಗಂಟಲು ತುಕ್ಕು ಹಿಡಿದ ಚಿಲಕದಂತೆ ಕಿರ್ರೆನ್ನುತ್ತಿತ್ತು. ನಾಲ್ಕು ವರ್ಷದಲ್ಲಿ ಸಾವಿರದಿನ್ನೂರು ಮನೆ. ಪ್ರತಿ ಮನೆಯಲ್ಲೂ ಜನರ ಎದೆಯ ಗಂಟು ಬಿಚ್ಚಿಸಿ ಕೇಳಿದ್ದಳು. ನೀವು ಹೇಗಿದ್ದೀರಿ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಫ್ರೇಮಣ್ಣ ಕೇಳಿದ.

"ಎಲ್ಲರ ಮನೆ ವಿಷಯ ಬರ್ಕೋತೀರಿ. ನಿಮ್ಮನೇಲಿ ಎಷ್ಟು ಜನ?"

"ಒಬ್ಬಳೇ."

"ಎಷ್ಟು ವರ್ಷದಿಂದ?"

"ಬಹಳ ವರ್ಷದಿಂದ."

"ಹಾಗೆ ಬರ್ಕೊಳ್ಳೋಕಾಗಲ್ಲ ಮೇಡಂ. ಸರಿಯಾದ ಸಂಖ್ಯೆ ಹೇಳಿ."

ಅವಳು ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ, ಕೆನ್ನೆಗೇ ಹೊಸದೆನಿಸಿತು. ತಲೆಯೆತ್ತಿದರೆ ಅವನು ಆಗಷ್ಟೇ ಒರೆಸಿದ ಗಾಜೊಂದನ್ನು ಮುಖದೆದುರು ಎತ್ತಿ ಹಿಡಿದು, ಅದರೊಳಗಿಂದ ಅವಳನ್ನೇ ನೋಡುತ್ತಿದ್ದ.

"ಏನು ನೋಡ್ತಿದ್ದೀರಿ?"

"ಗಾಜಿನಲ್ಲಿ ಗೀರಿದೆಯಾ ಅಂತ."

"ಗಾಜು ನೋಡೋರು ಗಾಜನ್ನ ನೋಡ್ತಾರೆ. ಗಾಜಿನಾಚೆ ನೋಡಲ್ಲ."

ಅವನ ಕಿವಿ ಕೆಂಪಾಯಿತು. ಒಳಗಿನಿಂದ ಟೀ ಹಿಡಿದು ಬಂದ ಅತ್ತೆ, ಇಬ್ಬರ ಮುಖವನ್ನೂ ಒಮ್ಮೆ ನೋಡಿ, "ನನಗೇನೂ ಕೇಳಿಸ್ಲಿಲ್ಲಪ್ಪ" ಎಂದು ತಿರುಗಿ ಹೋದರು.

ಅವನಿಗೇಕೆ ಮದುವೆಯಾಗಿಲ್ಲ ಎಂಬುದನ್ನೂ ಅತ್ತೆಯೇ ಹೇಳಿದ್ದರು. ಅವನ ತಾಯಿ ಆರು ವರ್ಷದ ಹಿಂದೆ ಇದೇ ಕಾಯಿಲೆಯಲ್ಲಿ ಹೋದವರು. ಆಮೇಲೆ ನೋಡಲು ಬಂದವರೆಲ್ಲ ಹುಡುಗನನ್ನು ಒಪ್ಪಿದರೂ ಬೀದಿಯ ಹೆಸರು ಕೇಳಿ ಹಿಂದೆ ಸರಿದರು. "ಹೆಣ್ಣು ಕೊಡೋದಿರ್ಲಿ ಮಗಳೇ, ನಮ್ಮ ಮನೇಲಿ ಒಂದು ಲೋಟ ನೀರು ಮುಟ್ಟಲಿಲ್ಲ."

ಅಂದು ಅವಳು ಎರಡು ಲೋಟ ಟೀ ಕುಡಿದಳು.

*

ಅವನ ನೆನಪಿನಿಂದ ಇನ್ನೂ ಮೂವರು ಸಿಕ್ಕರು. ಎಂಟು ಹನ್ನೊಂದಾಯಿತು. ಅಧ್ಯಯನದ ಮುಖ್ಯಸ್ಥರಾಗಿದ್ದ ಪ್ರೊಫೆಸರ್ ಕನ್ನಡಕ ತೆಗೆದು ಹೇಳಿದರು: "ಚೆನ್ನಾಗಿದೆ. ಇನ್ನೊಂದು ಕೇಸ್ ಸಿಕ್ಕಿದ್ರೂ ಸಾಕು, ಇದು ಕಾಕತಾಳೀಯ ಅಂತ ಯಾವ ವಕೀಲನೂ ಬಾಯಿ ಬಿಡಕ್ಕಾಗಲ್ಲ."

ಆಸ್ಪತ್ರೆಗಳ ಪಟ್ಟಿ ತಿಂಗಳಿಗೊಮ್ಮೆ ಬರುತ್ತಿತ್ತು. ಹೆಸರುಗಳಿರುತ್ತಿರಲಿಲ್ಲ, ವಯಸ್ಸು, ಕಾಯಿಲೆ, ಬೀದಿ, ಮನೆ ನಂಬರು ಮಾತ್ರ. ಒಂದು ಮಂಗಳವಾರ ಮಧ್ಯಾಹ್ನ ಅವಳು ಕಂಪ್ಯೂಟರಿನಲ್ಲಿ ಹೊಸ ಪಟ್ಟಿ ತೆರೆದು ಕಣ್ಣಾಡಿಸಿದಳು. ಮೂತ್ರಕೋಶ. ಗಂಡಸು. ಒಂದನೇ ಬೀದಿ.

"ಅಬ್ಬ!" ಎಂದಳು. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ. ಬೆರಳು ತಾನಾಗಿಯೇ ಹನ್ನೆರಡು ಎಂದು ಒತ್ತಿತು.

ಆಮೇಲೆ ವಯಸ್ಸು ನೋಡಿದಳು. ನಲವತ್ತೊಂದು. ಆಮೇಲೆ ಮನೆ ನಂಬರು. ಒಂಬತ್ತು.

ಒಂಬತ್ತನೇ ನಂಬರಿನಲ್ಲಿ ಇರುವುದೇ ಇಬ್ಬರು. ಅವರಲ್ಲಿ ಗಂಡಸು ಒಬ್ಬನೇ.

ಅವಳು ಎದ್ದು ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಅತ್ತಳು. ಕಾಯಿಲೆಗಾಗಿ ಅತ್ತದ್ದು ಎಷ್ಟೋ, ಆ "ಅಬ್ಬ"ಕ್ಕಾಗಿ ಅತ್ತದ್ದು ಎಷ್ಟೋ, ಅವಳಿಗೇ ತಿಳಿಯಲಿಲ್ಲ.

ಪಟ್ಟಿಯಲ್ಲಿ ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ಕೆಲಸಕ್ಕೆ ಸೇರುವಾಗಲೇ ಸಹಿ ಹಾಕಿದ್ದಳು. ರೋಗಿಗೂ ಹೇಳುವಂತಿಲ್ಲ. ನನಗೆ ಗೊತ್ತು ಎಂದು ಮುಖದಲ್ಲೂ ತೋರಿಸುವಂತಿಲ್ಲ. ಅವಳ ಮುಖವೋ, ಬಚ್ಚಿಡಲು ಬಾರದ ಮುಖ. ಹಾಗಾಗಿ ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ನಾಲ್ಕನೇ ಬೀದಿಯ ಕೆಲಸ ಇಟ್ಟುಕೊಂಡು ಸುತ್ತು ದಾರಿಯಲ್ಲಿ ಓಡಾಡಿದಳು.

ಹತ್ತನೇ ದಿನ ಮೆಸೇಜ್ ಬಂತು. "ಮೇಡಂ, ನನ್ನಿಂದ ಏನಾದ್ರೂ ತಪ್ಪಾಯ್ತಾ?"

ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಕೊನೆಗೆ ಕಳಿಸಿದ್ದು: "ಕೆಲಸ ಜಾಸ್ತಿ."

"ಸರಿ" ಎಂದು ಉತ್ತರ ಬಂತು. ಆ ಎರಡಕ್ಷರವನ್ನು ಇಟ್ಟುಕೊಂಡು ಅವಳು ಇಡೀ ಭಾನುವಾರ ಕಳೆದಳು. ಕೋಣೆಯ ಗೋಡೆಗಳು ಹತ್ತಿರ ಸರಿದಂತೆ ಕಂಡವು. ಕೆಳಗಿನ ಮನೆಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು. ಕರೆಯುವ ದನಿ ಇಷ್ಟು ಚೆಂದ ಇರುತ್ತದೆಂದು ಅವಳು ಎಂದೂ ಗಮನಿಸಿರಲಿಲ್ಲ.

ಮುಂದಿನ ವಾರ ಅವಳು ಶಾಲೆಯ ಜಗಲಿಯಲ್ಲಿ ಫಾರಂ ತುಂಬುತ್ತ ಕೂತಿದ್ದಾಗ ಫ್ರೇಮಣ್ಣನ ಅತ್ತೆ ಕೋಲೂರಿಕೊಂಡು ಬಂದರು. ಕೂರಲೂ ಇಲ್ಲ.

"ಬೀದಿ ನೋಡಿ ಬೆನ್ನು ಹಾಕ್ದೋರನ್ನ ಬೇಕಾದಷ್ಟು ನೋಡಿದ್ದೀನಿ. ನೀನು ಬೀದಿ ನೋಡೇ ಬಂದವಳು ಅಂದ್ಕೊಂಡಿದ್ದೆ ಕಣಮ್ಮ."

"ಹಾಗಲ್ಲ ಅತ್ತೆಮ್ಮ..."

"ಅವನಿಗೆ ಊಟ ಸೇರ್ತಿಲ್ಲ. ಇಳಿದುಹೋಗಿದ್ದಾನೆ. ಕೇಳಿದ್ರೆ ಏನಿಲ್ಲ ಅಂತಾನೆ. ನಲವತ್ತು ದಾಟಿದ ಗಂಡು, ಹದಿನೆಂಟರ ಹುಡುಗನ ಹಾಗೆ ನಿನ್ನ ನೆನೆಸ್ಕೊಂಡು ಕೊರಗ್ತಾನಲ್ಲ, ನನಗೇ ನಾಚ್ಕೆಯಾಗುತ್ತೆ!"

ಅವರಿಗೆ ಗೊತ್ತಿಲ್ಲ ಎಂಬುದು ಅವಳಿಗೆ ಆಗ ಗೊತ್ತಾಯಿತು. ಅವನು ಅತ್ತೆಗೂ ಹೇಳಿಲ್ಲ. ಎಲ್ಲವನ್ನೂ ಒಬ್ಬನೇ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದಾನೆ. ಈ ಬೀದಿಯಲ್ಲಿ ಅದನ್ನು ಬಲ್ಲ ಇನ್ನೊಂದು ಜೀವ ತಾನೊಬ್ಬಳೇ.

*

ಮರುದಿನ ಬೆಳಿಗ್ಗೆ ಅವಳು ಪ್ರೊಫೆಸರ್ ಎದುರು ನಿಂತಳು.

"ಸರ್, ಈ ಕೆಲಸದಿಂದ ನನ್ನನ್ನ ಬಿಡಿಸಿ."

"ಏನಮ್ಮ ಇದು? ವರದಿ ಬರೆಯೋ ಹೊತ್ತಲ್ಲಿ?"

"ಆ ಬೀದೀಲಿ ನನಗೆ ಬೇಕಾದವರು ಒಬ್ಬರಿದ್ದಾರೆ. ಇನ್ನು ಮೇಲೆ ನಾನು ಎಣಿಸಬಾರದು."

ಅವರು ಕೈಲಿದ್ದ ಪೆನ್ನು ಕೆಳಗಿಟ್ಟರು. "ನಾಲ್ಕು ವರ್ಷದ ದುಡಿಮೆ ನಿಮ್ಮದು. ವರದಿ ಮೇಲೆ ನಿಮ್ಮ ಹೆಸರಿರಲ್ಲ. ಇಟ್ರೆ ಕಾರ್ಖಾನೆಯ ವಕೀಲರು ಅದನ್ನೇ ಹಿಡಿದು ಜಗ್ತಾರೆ."

"ಗೊತ್ತು ಸರ್. ಈ ತಿಂಗಳ ಪಟ್ಟೀನೂ ಬೇರೆಯವರ ಕೈಲಿ ಮೊದಲಿಂದ ತಾಳೆ ನೋಡಿಸಿ."

"ಪಟ್ಟೀಲಿ ಕಂಡದ್ದನ್ನ ಈಗಲೂ ಹೇಳೋ ಹಾಗಿಲ್ಲ."

"ಹೇಳಲ್ಲ. ಅವರಾಗೇ ಹೇಳೋ ತನಕ ಪಕ್ಕದಲ್ಲಿ ಕೂತಿರ್ತೀನಿ, ಅಷ್ಟೇ."

ಅಂಗಡಿಗೆ ಬಂದಾಗ ಮಧ್ಯಾಹ್ನ. ಅವನು ನಿಜಕ್ಕೂ ಇಳಿದುಹೋಗಿದ್ದ. ಅವಳ ಬರಿಗೈ ನೋಡಿ, "ಫೈಲ್ ಎಲ್ಲಿ?" ಎಂದ.

"ಬಿಟ್ಟುಬಿಟ್ಟೆ. ಕೆಲಸಾನೇ ಬಿಟ್ಟೆ."

"ಯಾಕೆ?"

"ನಿಮ್ಮ ಅಂಗಡಿಗೆ ಫೈಲಿಲ್ಲದೆ ಬರ್ಬೇಕು ಅನ್ನಿಸ್ತು."

ಅವನ ಮುಖದಲ್ಲಿ ಬೆಳಕೊಂದು ಬಂದು ಹಾಗೆಯೇ ಹೋಯಿತು. ಗಾಜು ಕೊಯ್ಯುವ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದ.

"ಬಿಡಬಾರದಿತ್ತು ಮೇಡಂ. ನಿಮ್ಮ ಲೆಕ್ಕಕ್ಕೆ ಇನ್ನೊಬ್ಬ ಸಿಕ್ಕಿದ್ದ." ನಗಲು ನೋಡಿದ, ಆಗಲಿಲ್ಲ. "ನಾನೇ. ಹೋದ ತಿಂಗಳು ಗೊತ್ತಾಯ್ತು. ಹೇಳೋಣ ಅಂದ್ರೆ ನೀವು ಬರೋದನ್ನೇ ನಿಲ್ಲಿಸಿದ್ರಿ. ಬರದೇ ಇರೋದೇ ಒಳ್ಳೇದು ಅಂತ ಸುಮ್ಮನಾದೆ."

"ನನಗೆ ಗೊತ್ತಿತ್ತು."

ಅವನು ತಲೆಯೆತ್ತಿದ. "ಎಷ್ಟು ದಿನದಿಂದ?"

"ಹದಿನೇಳು ದಿನದಿಂದ. ಪಟ್ಟೀಲಿ ನೋಡ್ದೆ. ಹೇಳೋ ಹಾಗಿರಲಿಲ್ಲ." ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅದನ್ನು ಒಳಗಿಟ್ಟುಕೊಂಡು ಈ ಮನುಷ್ಯನ ಪಕ್ಕದಲ್ಲಿ ಕೂರುವುದು ಅವಳಿಂದ ಆಗದು. "ಇನ್ನೊಂದಿದೆ. ಆ ಸಾಲು ಕಂಡಾಗ, ಮನೆ ನಂಬರ್ ನೋಡೋಕೆ ಮುಂಚೆ, ನನಗೆ ಖುಷಿಯಾಯ್ತು. ಹನ್ನೆರಡಾಯ್ತು ಅಂತ. ಅಬ್ಬ ಅಂದೆ."

ಹೊರಗೆ ಟ್ಯಾಂಕರ್ ಬಂದು ನಿಂತಿತು, ಕೊಡಗಳ ಸದ್ದು ಕೇಳಿಸಿತು.

"ಇವತ್ತು ಹೋಗಿ, ಮೇಡಂ," ಎಂದ ಅವನು.

ಅವಳು ಹೋದಳು.

*

ಒಂಬತ್ತು ದಿನ. ಹೋಗಲು ಕೆಲಸವಿಲ್ಲ, ತಟ್ಟಲು ಬಾಗಿಲಿಲ್ಲ. ಅವಳು ಬಟ್ಟೆ ಮಡಿಸಿದಳು, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು. ಅಕ್ಕ ಫೋನ್ ಮಾಡಿ "ಆರೋಗ್ಯವಾ?" ಎಂದಾಗ "ಹೂಂ" ಎಂದಳು. ಖಾಲಿ ಕೋಣೆಯಲ್ಲಿ ಆ "ಹೂಂ" ಸ್ವಲ್ಪ ಹೊತ್ತು ತೂಗಾಡಿತು.

ಹತ್ತನೇ ದಿನ ಬೆಳಿಗ್ಗೆ ಅತ್ತೆಯ ಫೋನ್ ಬಂತು. ಕೇಳಿಸದವರ ಎತ್ತರದ ದನಿ.

"ನಿನಗೂ ಗೊತ್ತಿತ್ತಂತೆ. ಬೆಪ್ಪಿಯ ಹಾಗೆ ಇದ್ದವಳು ನಾನೊಬ್ಬಳೇ! ಇರಲಿ, ಆ ಜಗಳ ಆಮೇಲೆ ಆಡ್ತೀನಿ. ಇವತ್ತು ಆಪರೇಷನ್. ಡಾಕ್ಟರ್ ಬಾಯಿಗೆ ಬಟ್ಟೆ ಕಟ್ಕೊಂಡು ಏನೋ ಹೇಳ್ತಾರೆ, ನನಗೊಂದಕ್ಷರ ಕೇಳ್ಸಲ್ಲ. ಬಾರೇ."

ಅವಳು ಓಡಿದಳು. ಇಡೀ ದಿನ ಆಸ್ಪತ್ರೆಯ ಮೊಗಸಾಲೆಯ ಬೆಂಚಿನಲ್ಲಿ ಮುದುಕಿಯ ಬಲಗಡೆ, ಕೇಳುವ ಕಿವಿಯ ಕಡೆ ಕೂತಳು. ವೈದ್ಯರು ಬಂದು ಹೇಳಿದ್ದನ್ನು ಒಂದೊಂದಾಗಿ ಆ ಕಿವಿಗೆ ದಾಟಿಸಿದಳು. "ಗಡ್ಡೆ ಚಿಕ್ಕದಂತೆ... ಆಳಕ್ಕೆ ಇಳಿದಿಲ್ಲವಂತೆ... ತೆಗೆದಿದ್ದಾರಂತೆ... ಮತ್ತೆ ಬರಬಹುದಂತೆ, ಅದಕ್ಕೆ ಮೂರು ತಿಂಗಳಿಗೊಮ್ಮೆ ನೋಡ್ಬೇಕಂತೆ." ಅತ್ತೆ ಪ್ರತಿ ಮಾತಿಗೂ ಅವಳ ಬೆರಳನ್ನು ಹಿಂಡುತ್ತಿದ್ದರು. ಸಂಜೆಗೆ ಬೆರಳೆಲ್ಲ ಕೆಂಪಾಗಿತ್ತು.

ಅವನು ಕಣ್ಣು ಬಿಟ್ಟಾಗ ಅವಳು ಮಂಚದ ಪಕ್ಕದಲ್ಲಿದ್ದಳು. ಅವಳತ್ತ ತಲೆ ಹೊರಳಿಸಿ, ಒಣಗಿದ ತುಟಿಯಲ್ಲಿ ಕೇಳಿದ:

"ಜೋರಾಗಿತ್ತಾ?"

"ಏನು?"

"ಅಬ್ಬ ಅಂದಿದ್ದು."

"ಜೋರಾಗೇ ಇತ್ತು. ಪಕ್ಕದ ಮೇಜಿನೋರು ತಿರುಗಿ ನೋಡಿದ್ರು."

ಅವನು ನಕ್ಕ, ನೋವಾಗಿ ಹೊಟ್ಟೆ ಹಿಡಿದುಕೊಂಡ. "ಅಮ್ಮ ಹೋದಾಗ ಫೋಟೋಗೆ ಕಟ್ಟು ಹಾಕಿದ್ದು ನಾನೇ. ಅವತ್ತು ಗಾಜು ಒಂದೇ ಎಳೆತಕ್ಕೆ ಕೂದಲೆಳೆಯಷ್ಟೂ ಆಚೀಚೆ ಆಗದೆ ಕೊಯ್ದು ಬಂತು. ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಆಹಾ ಅಂದೆ. ಅಮ್ಮನ ಫೋಟೋ ಎದುರಿಗೇ ಇತ್ತು." ಸ್ವಲ್ಪ ಉಸಿರು ತೆಗೆದುಕೊಂಡ. "ಆರು ವರ್ಷದಿಂದ ಅದನ್ನ ಯಾರಿಗೂ ಹೇಳಿರಲಿಲ್ಲ. ನೀವು ಹೇಳಿದಾಗ ನಿಮ್ಮ ಮೇಲೆ ಸಿಟ್ಟು ಬಂತು ಅಂದ್ಕೊಂಡೆ. ಅದು ನಿಮ್ಮ ಮೇಲಲ್ಲ."

ಅವಳು ಅವನ ಕೈ ಮೇಲೆ ಕೈಯಿಟ್ಟಳು. ಗಾಜಿನ ಹಳೆಯ ಗಾಯಗಳಿಂದ ಅಂಗೈ ಒರಟಾಗಿತ್ತು. ಬೆಂಚಿನ ಮೇಲೆ ಅತ್ತೆ ಕಣ್ಣು ಮುಚ್ಚಿ, ಏನೂ ಕೇಳಿಸದವರಂತೆ ಕೂತಿದ್ದರು.

*

ಎರಡು ತಿಂಗಳ ನಂತರ ಶಾಲೆಯ ಸಭಾಂಗಣದಲ್ಲಿ ವರದಿ ಓದಿದರು. ವೇದಿಕೆ ಮೇಲೆ ಪ್ರೊಫೆಸರ್, ಆರೋಗ್ಯ ಇಲಾಖೆಯ ಅಧಿಕಾರಿ, ಕಾರ್ಖಾನೆಯ ವಕೀಲರು. ಅವಳು ಜನರ ನಡುವೆ ಹಿಂದಿನ ಸಾಲಿನಲ್ಲಿ, ಫ್ರೇಮಣ್ಣನ ಪಕ್ಕ. ವರದಿಯ ಮೇಲೆ ಅವಳ ಹೆಸರಿರಲಿಲ್ಲ. ಅದರ ಒಂದೊಂದು ಮಾತೂ ಅವಳಿಗೆ ಬಾಯಿಪಾಠವಿತ್ತು.

"ಮೂರು ಇರಬೇಕಾದಲ್ಲಿ ಹನ್ನೆರಡು," ಎಂದರು ಪ್ರೊಫೆಸರ್.

ವಕೀಲರು ಎದ್ದರು. "ಹನ್ನೆರಡು, ಹನ್ನೆರಡು ಅಂತೀರಿ. ಹೆಸರಿಲ್ಲ, ಮುಖವಿಲ್ಲ. ಕಾಗದದ ಮೇಲೆ ಯಾರು ಬೇಕಾದ್ರೂ ಹನ್ನೆರಡು ಬರೀಬಹುದು. ಯಾರು ಆ ಹನ್ನೆರಡು ಜನ?"

"ಅದನ್ನ ನಾವು ಹೇಳೋ ಹಾಗಿಲ್ಲ," ಎಂದರು ಪ್ರೊಫೆಸರ್. ಅವಳು ಉಗುರನ್ನು ಅಂಗೈಗೆ ಒತ್ತಿಕೊಂಡಳು.

ಪಕ್ಕದ ಕುರ್ಚಿ ಕಿರ್ರೆಂದಿತು. ಫ್ರೇಮಣ್ಣ ಎದ್ದು ನಿಂತಿದ್ದ.

"ನಾನೊಬ್ಬ," ಎಂದ. "ಒಂದನೇ ಬೀದಿ, ಒಂಬತ್ತನೇ ನಂಬರು. ಮುಖ ಇದೇ. ನೋಡ್ಕೊಳ್ಳಿ."

ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದಳು. "ನಮ್ಮ ಯಜಮಾನ್ರು ಒಬ್ಬರು. ಟೈಲರ್ ಆಗಿದ್ರು." ಗೋಡೆಯ ಬಳಿ ಇನ್ನೊಬ್ಬರು. "ನನ್ನ ತಂಗಿ." ಆಮೇಲೆ ಮತ್ತೊಬ್ಬರು. ವಕೀಲರು ಕಾಗದ ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದರು.

ಗುಂಡಿ ಅಂದೇ ಮುಚ್ಚಲಿಲ್ಲ. ಅದಕ್ಕೆ ಇನ್ನೂ ಕೋರ್ಟು, ಇನ್ನೂ ಕಾಗದ. ಆದರೆ ಬೋರ್‌ವೆಲ್‌ಗಳಿಗೆ ಬೀಗ ಬಿತ್ತು, ಪೈಪಿನ ನೀರಿಗೆ ಆದೇಶವಾಯಿತು, ನಾಲ್ಕು ಬೀದಿಯವರಿಗೆಲ್ಲ ತಪಾಸಣೆ ಎಂದು ಅಧಿಕಾರಿ ಬರೆದು ಸಹಿ ಹಾಕಿದರು.

ಸಂಜೆ ಬಿಸಿಲಿನಲ್ಲಿ ಇಬ್ಬರೂ ನಡೆದು ಬಂದರು. ಅತ್ತೆ ಬೇಕೆಂದೇ ಹಿಂದೆ ಬಿದ್ದು, ಸಿಕ್ಕವರೊಡನೆಲ್ಲ ಮಾತಿಗೆ ನಿಲ್ಲುತ್ತಿದ್ದರು. ಅಂಗಡಿಯ ಮುಂದೆ ಬಂದು ಅವನು ಬೀಗಕ್ಕೆ ಕೀಲಿ ಹಾಕಿದ, ತಿರುಗಿಸಲಿಲ್ಲ.

"ಮುಂದಿನ ತಿಂಗಳು ಮೊದಲ ಚೆಕಪ್," ಎಂದ ಬೀಗದ ಕಡೆಯೇ ನೋಡುತ್ತಾ. "ಇಪ್ಪತ್ತು ವರ್ಷದ ಮಾತು ಕೊಡೋಕೆ ನನ್ನ ಕೈಲಾಗಲ್ಲ. ಮೂರು ತಿಂಗಳದ್ದು ಕೊಡಬಲ್ಲೆ."

"ಆಮೇಲೆ?"

"ಆಮೇಲೆ ಇನ್ನೊಂದು ಮೂರು ತಿಂಗಳು." ಅವನು ತಲೆಯೆತ್ತಿದ. ನಡುವೆ ಗಾಜಿರಲಿಲ್ಲ. "ಇದ್ದು ನೋಡ್ತೀಯಾ?"

ಇಷ್ಟು ದಿನ ಅವನ ಬಾಯಲ್ಲಿ "ನೋಡ್ತೀರಾ" ಇದ್ದದ್ದು "ನೋಡ್ತೀಯಾ" ಆಗಿತ್ತು. ಅವಳನ್ನು ಹಾಗೆ ಏಕವಚನದಲ್ಲಿ ಮಾತಾಡಿಸುವವರು ಈ ಊರಿನಲ್ಲಿ ಅತ್ತೆಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

"ಬಾಗಿಲು ತೆಗಿ," ಎಂದಳು ಅವಳು. "ಅತ್ತೆಗೆ ನಿಂತು ನಿಂತು ಕಾಲು ನೋವು ಬರುತ್ತೆ."